ಸದ್ದು ನಿಲ್ಲಿಸಿ ವಿಡಿಯೊ ನೋಡುವ ಚುಕ್ಕಿ ಅಕ್ಕ

ಬೆಳಕು ಹರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಎರಡನೇ ಮಹಡಿಯ ಈ ಮನೆಯ ಅಡುಗೆಕೋಣೆಯಲ್ಲಿ ದೀಪ ಹಾಕಿಲ್ಲ. ಲ್ಯಾಪ್‌ಟಾಪಿನ ಪರದೆಯೇ ದೀಪ. ಪರದೆಯಲ್ಲಿ ಒಂದು ಗಾಜಿನ ಕಾರ್ಖಾನೆ. ಕೆಂಡದಂಥ ಗಾಜಿನ ಉಂಡೆಯನ್ನು ಕೊಳವೆಯ ತುದಿಗೆ ಸಿಕ್ಕಿಸಿಕೊಂಡು ಒಬ್ಬಾತ ಊದುತ್ತಿದ್ದಾನೆ. ಗಾಜು ಉಬ್ಬುತ್ತಿದ್ದಂತೆ ಅದರ ಕಿತ್ತಳೆ ಬಣ್ಣ ಗೋಡೆಗೆ, ಬೋರಲು ಹಾಕಿದ ಪಾತ್ರೆಗಳಿಗೆ, ಎದುರು ಕುಳಿತ ಹೆಂಗಸಿನ ಕನ್ನಡಕಕ್ಕೆ ಹರಡುತ್ತದೆ. ಸದ್ದು ಮಾತ್ರ ಇಲ್ಲ. ಅವರು ಬೆರಳು ಒತ್ತುತ್ತಾರೆ. ಊದುವವನ ಕೆನ್ನೆ ಉಬ್ಬಿದಂತೆಯೇ ನಿಲ್ಲುತ್ತದೆ. ಅವನ ಕೈಯ ಮೇಲೊಂದು ಚುಕ್ಕಿ ಇಟ್ಟು ಪಕ್ಕದಲ್ಲಿ ಟೈಪ್ ಮಾಡುತ್ತಾರೆ: ‘ಸ್ಲೈಡಿನಲ್ಲಿ ಕೈಗವಸು ಕಡ್ಡಾಯ ಎಂದಿದೆ. ಇವರು ಹಾಕಿಲ್ಲ.’

ಹೀಗೆ ಚುಕ್ಕಿ ಇಡುವುದೇ ಇವರ ಕೆಲಸ. ಕೆಲಸ ಕೊಡುವವರೆಲ್ಲ ಕರೆಯುವುದೂ ಚುಕ್ಕಿ ಅಕ್ಕ ಎಂದೇ. ಕಂಪನಿಗಳು, ಆಸ್ಪತ್ರೆಗಳು, ಕಚೇರಿಗಳು ಸಭೆಯಲ್ಲಿ ತೋರಿಸಲು ಪ್ರೆಸೆಂಟೇಷನ್ ಮಾಡಿಸುತ್ತವೆ. ಅದರ ಸ್ಲೈಡುಗಳ ಒಳಗೆ ವಿಡಿಯೊ ಕೂರಿಸಿರುತ್ತಾರೆ. ಜನರ ಮುಂದೆ ಹೋಗುವ ಮೊದಲು ಅದು ಒಂದು ಲಿಂಕ್ ಆಗಿ ಇವರ ಬಳಿ ಬರುತ್ತದೆ. ಒತ್ತಿದರೆ ಸ್ಲೈಡು ತೆರೆಯುತ್ತದೆ, ವಿಡಿಯೊ ಅದರೊಳಗೇ ಓಡುತ್ತದೆ. ತಪ್ಪು ಕಂಡಲ್ಲಿ ನಿಲ್ಲಿಸಿ ಗುರುತು ಹಾಕಬೇಕು. ಮಾಡಿದವರು ತಿದ್ದಿ ಮತ್ತೆ ಕಳಿಸುತ್ತಾರೆ. ಎಲ್ಲ ಸರಿ ಎನಿಸಿದ ಮೇಲೆ ‘ಒಪ್ಪಿಗೆ’ ಎಂಬ ಹಸಿರು ಗುಂಡಿ ಒತ್ತಬೇಕು. ದಿನಕ್ಕೆ ಮೂರೋ ನಾಲ್ಕೋ ಲಿಂಕು; ತಿಂಗಳ ಕೊನೆಯಲ್ಲಿ ಊಟಕ್ಕೆ ಏಳಲೂ ಪುರುಸೊತ್ತಿಲ್ಲ.

ಮೊದಲ ಸುತ್ತು ಯಾವಾಗಲೂ ಸದ್ದು ನಿಲ್ಲಿಸಿಯೇ. ಹೆಡ್‌ಫೋನ್ ಏರುವುದು ಎರಡನೇ ಸುತ್ತಿಗೆ. ‘ಮಾತು ಕೇಳ್ತಾ ಇದ್ರೆ ಕಣ್ಣು ಸೋಮಾರಿ ಆಗುತ್ತೆ. ಕಿವಿ ಹೇಳಿದ್ದನ್ನೇ ನಂಬ್ಕೊಂಡು ಕೂತ್ಬಿಡುತ್ತೆ’ ಎನ್ನುತ್ತಾರೆ.

ಇನ್ನೊಂದು ಕಾರಣ ಪಕ್ಕದ ಕೋಣೆಯಲ್ಲಿ ಮಲಗಿದೆ. ಗಂಡ ಶೀತಲ ಗೋದಾಮಿನಲ್ಲಿ ರಾತ್ರಿ ಪಾಳಿಯ ಕಾವಲುಗಾರ. ಈಗಷ್ಟೇ ಬಂದು, ಎರಡು ಕಂಬಳಿ ಹೊದ್ದು ನಿದ್ದೆಗೆ ಜಾರಿದ್ದಾರೆ. ‘ಇಡೀ ರಾತ್ರಿ ಚಳಿಗಾಲದಲ್ಲಿ ಇದ್ದು ಬರ್ತಾರೆ ಪಾಪ. ಕನಸಲ್ಲಾದ್ರೂ ಬೆಚ್ಚಗಿರ್ಲಿ’ ಎಂದು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡುತ್ತಾರೆ.

ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತಿರುವವರು ತಂಗಿ. ಹಾಲು ಕುಡಿಯುವ ವಯಸ್ಸಿನಲ್ಲೇ ಜ್ವರ ಬಂದು ಕಿವಿ ಹೋಯಿತು. ಅಮ್ಮ ತೀರಿಕೊಂಡಾಗ ಅಕ್ಕನಿಗೆ ಇನ್ನೂ ಲಂಗ ಉಡುವ ವಯಸ್ಸು. ಅಂದಿನಿಂದ ತಂಗಿಯ ಕಿವಿಯೂ ಇವರೇ, ಬಾಯಿಯೂ ಇವರೇ. ತಂಗಿ ಶಾಲೆಯಲ್ಲಿ ಕಲಿತು ಬಂದ ಕೈಸನ್ನೆಯನ್ನು ಅಕ್ಕ ಸಂಜೆ ಅವಳಿಂದ ಕಲಿತರು. ಟಿವಿಯ ಪಕ್ಕ ನಿಂತು ಅತ್ತೆ, ಸೊಸೆ, ಪೊಲೀಸು, ಕಳ್ಳ ಎಲ್ಲರ ಮಾತನ್ನೂ ಒಬ್ಬರೇ ಕೈಯಲ್ಲಿ ಹೇಳುತ್ತಿದ್ದರಂತೆ. ‘ಜಗಳದ ಸೀನ್ ಬಂದ್ರೆ ನನ್ನ ರಟ್ಟೆ ಬಿದ್ದು ಹೋಗ್ತಿತ್ತು’ ಎಂದು ನಗುತ್ತಾರೆ. ಆ ನಗು ತಂಗಿಗೆ ಕೇಳದಿದ್ದರೂ ತಿಳಿಯುತ್ತದೆ. ಯಂತ್ರ ತುಳಿಯುವುದನ್ನು ಬಿಟ್ಟು ಅವರೂ ನಗುತ್ತಾರೆ.

ಮೊದಲು ಚುಕ್ಕಿ ಅಕ್ಕ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದರು. ಕಾಗದದ ವಾಸನೆಯಲ್ಲೇ ಅರ್ಧ ಆಯುಷ್ಯ ಕಳೆಯಿತು. ಅದು ಮುಚ್ಚಿದಾಗ ಮುಂದೇನೆಂದು ತೋಚದೆ ಎಷ್ಟೋ ದಿನ ಅಂಗಡಿಗಳ ಬೋರ್ಡಿನ ಕಾಗುಣಿತ ತಿದ್ದಿಕೊಂಡು ಸುಮ್ಮನೆ ಬೀದಿ ಅಲೆದರಂತೆ. ಆಮೇಲೆ ಮಾಲೀಕರ ಮಗಳೇ ಬಂದು ಈ ಕೆಲಸ ಹೇಳಿಕೊಟ್ಟಳು. ಆಕೆ ಈಗ ಪ್ರೆಸೆಂಟೇಷನ್ ಮಾಡಿಕೊಡುವ ವಿನ್ಯಾಸಕಿ. ‘ಮೊದಮೊದಲು ಹೆದರಿಕೆ. ಕಾಗದದಲ್ಲಿ ಅಕ್ಷರ ಇದ್ದಲ್ಲೇ ಇರ್ತಿತ್ತು. ಇಲ್ಲಿ ತಪ್ಪು ಓಡ್ತಾ ಇರುತ್ತೆ, ಅದರ ಹಿಂದೆ ನಾನೂ ಓಡ್ಬೇಕು.’

ಈಗ ಆ ಓಟ ನಿದ್ದೆಯೊಳಗೂ ಬಂದಿದೆ. ಕನಸಿನಲ್ಲಿ ಬೀದಿ ನಡುವೆ ಜನ ಎತ್ತಿದ ಕಾಲು ಎತ್ತಿದಂತೆಯೇ ನಿಲ್ಲುತ್ತಾರೆ. ಇವರು ಅವರ ನಡುವೆ ಅಡ್ಡಾಡಿ ಬರುತ್ತಾರೆ. ಕಡಲ ತಳದಲ್ಲಿ ಕೇಬಲ್ ಹಾಕುವುದು, ಹಿಮದಲ್ಲಿ ಹೂತ ರೈಲುಹಳಿ ತೆರವು ಮಾಡುವುದು ಎಲ್ಲವನ್ನೂ ಈ ಅಡುಗೆಕೋಣೆಯಿಂದಲೇ ಕಂಡಿದ್ದಾರೆ. ಅಲ್ಲಿಗೆಲ್ಲ ತಾನು ಹೋಗಿಯೇ ಬಂದೆನೇನೋ ಎಂಬ ಭ್ರಮೆ ಆಗಾಗ ಕವಿಯುತ್ತದಂತೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಅಪರಿಚಿತರೊಬ್ಬರನ್ನು ತಡೆದು, ‘ಮೊಣಕೈ ವಾಸಿ ಆಯ್ತಾ?’ ಎಂದು ಕೇಳಿಬಿಟ್ಟಿದ್ದರು. ಆತ ಮೂಳೆ ಆಸ್ಪತ್ರೆಯ ಸ್ಲೈಡೊಂದರಲ್ಲಿ ಕೈ ಮಡಚಿ ತೋರಿಸಿದ್ದವರು. ‘ಅವರು ಹೆದರಿ, ಬಂದ ಬಸ್ಸು ಹತ್ತಿಬಿಟ್ರು. ಯಾವ ಬಸ್ಸು ಅಂತಾನೂ ನೋಡ್ಲಿಲ್ಲ.’

ಕಳೆದ ಬೇಸಿಗೆಯ ಕೊನೆಯಲ್ಲಿ ಅಣೆಕಟ್ಟೆ ಕಚೇರಿಯವರ ಪ್ರೆಸೆಂಟೇಷನ್ ಬಂತು. ನೀರು ಬಿಟ್ಟಾಗ ನದಿದಡದ ಓಣಿಯವರು ಏನು ಮಾಡಬೇಕು ಎಂಬ ವಿಷಯ. ಅದರಲ್ಲಿ ಎರಡು ವಿಡಿಯೊ. ಒಂದು, ‘ನೀರು ಏರುತ್ತಿದೆ, ಮನೆ ಬಿಟ್ಟು ಗುಡ್ಡದ ಶಾಲೆಗೆ ಹೋಗಿ.’ ಇನ್ನೊಂದು, ‘ಅಪಾಯ ಕಳೆದಿದೆ, ಮನೆಗೆ ಮರಳಿ.’ ಎರಡರಲ್ಲೂ ಕೆಳಮೂಲೆಯ ಪುಟ್ಟ ವೃತ್ತದೊಳಗೆ, ಕಿವಿ ಕೇಳದವರಿಗಾಗಿ ಕೈಸನ್ನೆಯಲ್ಲಿ ಹೇಳುವ ಅನುವಾದಕ. ತಿದ್ದಿದ ಹೊಸ ಪ್ರತಿ ಬಂದದ್ದು ಸಭೆಯ ದಿನ ಬೆಳಿಗ್ಗೆ.

ಚುಕ್ಕಿ ಅಕ್ಕ ಎಂದಿನಂತೆ ಸದ್ದು ನಿಲ್ಲಿಸಿ ಅಕ್ಷರಗಳ ಮೇಲೆ ಕಣ್ಣಿಟ್ಟಿದ್ದರು. ಚಹಾ ತಂದ ತಂಗಿ ಪರದೆ ನೋಡಿದವರೇ ಲೋಟ ಕೆಳಗಿಟ್ಟು ಕಿಸಕ್ಕನೆ ನಕ್ಕರು. ‘ಈ ಅಣ್ಣನಿಗೆ ಏನಾಗಿದೆ? ನೀರು ಬಾಗಿಲಿಗೆ ಬಂದಿದೆ, ಇವರು ಹಾಸಿಗೆ ತಗೊಂಡು ಮನೆಗೆ ಬನ್ನಿ ಅಂತಿದಾರೆ!’ ಎಂದು ಅವರ ಕೈ ಹೇಳಿತು. ಹೇಳುತ್ತಿದ್ದ ಹಾಗೆ ನಗು ನಿಂತಿತು.

ಅಕ್ಕ ಹಳೆಯ ಪ್ರತಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಓಡಿಸಿದರು. ಹಿನ್ನೆಲೆಯ ಧ್ವನಿ ಅದೇ, ನದಿ ಅದೇ, ಅಕ್ಷರಗಳೂ ಅವೇ. ವೃತ್ತದೊಳಗಿನ ಕೈಗಳು ಮಾತ್ರ ಬೇರೆ. ಬೇಗ ತೆರೆಯಲೆಂದು ವಿಡಿಯೊದ ಫೈಲು ಹಗುರಗೊಳಿಸುವಾಗ ಎರಡು ವೃತ್ತಗಳು ಅದಲುಬದಲಾಗಿದ್ದವು. ಚುಕ್ಕಿ ಇಟ್ಟ ಬೆನ್ನಿಗೇ ವಿನ್ಯಾಸಕಿಯ ಫೋನು.

‘ಅಕ್ಕಾ, ಎಲ್ಲರೂ ಒಪ್ಪಿಗೆ ಕೊಟ್ಟಿದಾರೆ. ನಿಮ್ಮದೊಂದೇ ಬಾಕಿ. ಜನ ಆಗ್ಲೇ ಸೇರ್ತಿದಾರಂತೆ.’

‘ಮೂಲೇಲಿರೋ ಅಣ್ಣ ಬೇರೆ ಏನೋ ಹೇಳ್ತಿದಾರೆ ಕಣಮ್ಮ.’

‘ನಿಮಗೆ ಖಾತ್ರಿನಾ?’

ಆ ಪ್ರಶ್ನೆಗೆ ಅವರು ತಂಗಿಯ ಕಡೆ ತಿರುಗಿದರಂತೆ. ತಂಗಿ ಓದಿದ್ದು ಒಂದು ಶಾಲೆ, ಅನುವಾದಕರು ಕಲಿತದ್ದು ಇನ್ನೆಲ್ಲೋ. ಒಂದೇ ಸನ್ನೆಗೆ ಅಲ್ಲಿ ಬೇರೆ ಅರ್ಥ ಇದ್ದರೆ? ಸಭೆ ತಡವಾದರೆ ಬೈಗುಳ ತಿನ್ನುವವಳು ಈ ಹುಡುಗಿ. ಆದರೂ, ‘ನನಗಿಂತ ನನ್ನ ತಂಗಿಗೆ ಖಾತ್ರಿ. ಆ ಅಣ್ಣನನ್ನೇ ಕೇಳೋಣ, ಹುಡುಕಿಸು. ಅಲ್ಲೀವರೆಗೂ ನಾನು ಗುಂಡಿ ಒತ್ತಲ್ಲ’ ಎಂದರು.

ಅನುವಾದಕರು ಸಿಕ್ಕರು, ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ವಿಡಿಯೊ ಕರೆಗೆ ಬಂದರು. ಕಚೇರಿಯವರೂ ಸೇರಿಕೊಂಡರು. ತಂಗಿ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ಕೈ ಎತ್ತಿದರು. ಅತ್ತಲಿಂದಲೂ ಕೈಗಳು ಎದ್ದವು. ಕಿವಿ ಇದ್ದವರೆಲ್ಲ ಬಾಯಿ ಮುಚ್ಚಿ ಕಾದರು. ಯಾರ ಮನೆಯದೋ ಫ್ಯಾನಿನ ಸದ್ದೊಂದು ಬಿಟ್ಟರೆ ಕರೆಯಲ್ಲಿ ಮಾತೇ ಇಲ್ಲ. ನಾಲ್ಕು ಕೈಗಳು ಬೆಳಗಿನ ಬಿಸಿಲಲ್ಲಿ ಹಕ್ಕಿಗಳ ಹಾಗೆ ಏರುತ್ತ ಇಳಿಯುತ್ತ ಇದ್ದವು. ‘ಆ ಹೊತ್ತಲ್ಲಿ ಗಡಿಯಾರ ಮರ್ತೇಹೋಯ್ತು. ನನ್ನ ತಂಗಿ ಮಾತಿಗೆ ಅಷ್ಟು ಜನ ಕಾಯ್ದಿದ್ದನ್ನ ನಾನು ನೋಡೇ ಇರ್ಲಿಲ್ಲ’ ಎನ್ನುತ್ತಾರೆ ಚುಕ್ಕಿ ಅಕ್ಕ. ಕೊನೆಗೆ ಅನುವಾದಕರು ಬಾಯಿಬಿಟ್ಟರು: ‘ಇವರು ಹೇಳೋದು ನಿಜ. ನನ್ನನ್ನ ಉಲ್ಟಾ ಕೂರಿಸಿದೀರಿ.’

ಕಚೇರಿಯವರು ವಾದ ಮಾಡಲಿಲ್ಲ. ಸಭೆಯವರಿಗೆ ಚಹಾ ಕೊಟ್ಟು ಕೂರಿಸಿದರು. ವಿನ್ಯಾಸಕಿ ವೃತ್ತಗಳನ್ನು ಸರಿಪಡಿಸಿ ಕಳಿಸಿದಳು. ಅಕ್ಕ ತಂಗಿ ತಲೆಗೆ ತಲೆ ತಾಗಿಸಿ ಮತ್ತೊಮ್ಮೆ ಪೂರ್ತಿ ನೋಡಿದರು. ಹಸಿರು ಗುಂಡಿ ಒತ್ತಿದ್ದು ತಂಗಿ.

ಬಸ್ಸು ಹಿಡಿದು, ವಿಡಿಯೊ ಹಾಕುವ ಹೊತ್ತಿಗೆ ಸಭೆಗೆ ಹೋದದ್ದೂ ತಂಗಿಯೇ. ಅಕ್ಕನಿಗೆ ಬೇರೆ ಲಿಂಕು ಕಾದಿತ್ತು. ಮುಂದಿನ ಸಾಲಿನಲ್ಲಿ ಕಿವಿ ಕೇಳದ ದೋಣಿ ರಿಪೇರಿಯವರೊಬ್ಬರು ತೂಕಡಿಸುತ್ತಿದ್ದರಂತೆ. ವೃತ್ತದೊಳಗೆ ಕೈಗಳು ಆಡತೊಡಗಿದ್ದೇ ನೆಟ್ಟಗೆ ಕೂತರು. ಮುಗಿದ ಮೇಲೆ ಮನೆಯವರ ಕಡೆ ತಿರುಗಿ, ಮೊಮ್ಮಗಳನ್ನು ಎತ್ತಿಕೊಳ್ಳುವವರು ಯಾರು, ಆಡು ಬಿಚ್ಚುವವರು ಯಾರು ಎಂದು ಅಲ್ಲೇ ಕೈಸನ್ನೆಯಲ್ಲಿ ಪಾಲು ಮಾಡಿಕೊಟ್ಟರಂತೆ. ಅದೇ ವಿಡಿಯೊ ಓಣಿಯವರ ಫೋನುಗಳಿಗೂ ಹೋಯಿತು. ಮಳೆಗಾಲದಲ್ಲಿ ಒಂದು ಮಧ್ಯಾಹ್ನ ನಿಜಕ್ಕೂ ನೀರು ಬಂತು. ಕೆಲವು ಮನೆಗಳ ಗೋಡೆ ಬಿತ್ತು. ಜನರೆಲ್ಲ ಗುಡ್ಡದ ಮೇಲಿದ್ದರು. ಆಡನ್ನು ಹೆಗಲ ಮೇಲೆ ಹೊತ್ತ ದೋಣಿಯವರೂ ಇದ್ದರು.

ಈ ಸುದ್ದಿ ಅಕ್ಕನಿಗೆ ತಲುಪಿದ್ದು ಎಷ್ಟೋ ದಿನ ಕಳೆದು, ಅನುವಾದಕರಿಂದ. ಅವರೀಗ ತಂಗಿಯ ಜೊತೆ ಆಗಾಗ ವಿಡಿಯೊ ಕರೆಯಲ್ಲಿ ಹರಟುತ್ತಾರೆ. ‘ಏನು ಮಾತಾಡ್ತಾರೋ ಗೊತ್ತಿಲ್ಲಪ್ಪ. ನಾನು ನೋಡಿದ್ರೆ ಇವಳು ಬೆನ್ನು ತಿರುಗಿಸ್ಕೋತಾಳೆ’ ಎಂದು ಅಕ್ಕ ಹುಬ್ಬು ಹಾರಿಸುತ್ತಾರೆ.

ಬಿಸಿಲು ಒಲೆಕಟ್ಟೆಗೆ ಬಂದಿದೆ. ಒಳಗೆ ಕಾವಲುಗಾರರು ಮಗ್ಗುಲಾಗುತ್ತಾರೆ. ನಿಮಗೇನು ಆಸೆ ಎಂದು ಕೇಳಿದ್ದಕ್ಕೆ ಚುಕ್ಕಿ ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ.

‘ಇಷ್ಟು ವರ್ಷದಲ್ಲಿ ಯಾವ ಸಭೆಗೂ ನಾನು ಹೋಗಿಲ್ಲ. ಒಂದ್ಸಲ ಹೋಗ್ಬೇಕು. ಪರದೆ ಹತ್ರಾನೇ ಒಂದು ಕುರ್ಚಿ ಹಾಕ್ಕೊಡಿ ಅಂತ ಕೇಳ್ತೀನಿ. ಪರದೆಗೆ ಬೆನ್ನು ಹಾಕಿ ಕೂತ್ಕೋತೀನಿ. ನೋಡೋರ ಮುಖ ಹೇಗಿರುತ್ತೆ ಅಂತ ನೋಡ್ಬೇಕು.’