ಮಿಸ್ತ್ರಿ ಜೋಡಿಸಿದ ಟ್ರ್ಯಾಕ್ಟರು

ಗೆಳೆಯರೇ, ನಮ್ಮ ಟ್ರ್ಯಾಕ್ಟರನ್ನು ನಾಲ್ಕು ದಿನ ಅಂಗಳದಲ್ಲಿ ಬಿಚ್ಚಿ ಹರವಿದ್ದ ಗಜೇಂದ್ರಗಡದ ಮಿಸ್ತ್ರಿ ಇಂದು ಜೋಡಿಸಿ ಮುಗಿಸಿದ. ಅಬ್ಬಿಗೇರಿಯ ಎರೆಹೊಲದ ಹದ ಆರುವ ಮೊದಲು ಹರಗಬೇಕೆಂದು ನಾನೇ ಹತ್ತಿ ಕುಳಿತೆ. ಮುಂದಿನ ಗೇರು ಹಾಕಿದರೆ ಗಾಡಿ ಹಿಂದಕ್ಕೆ ಓಡಿ ಹಿತ್ತಲ ಗೋಡೆ ಕೆಡವಿತು.

"ಏನೋ ಇದು?" ಎಂದು ಕೂಗಿದೆ.

"ಚಾಲೂ ಆತಿಲ್ರಿ, ಸಾವ್ಕಾರ್ರ? ಎತ್ತ ಹೋಗಬೇಕನ್ನೂದು ಹೊಡಿಯೋರ ಕೈಯಾಗ ಐತಿ" ಎಂದ ಮಿಸ್ತ್ರಿ.

ಒಳಗಿನ ದೊಡ್ಡ ಹಲ್ಲುಗಾಲಿಯನ್ನೇ ತಿರುವುಮುರುವು ಕೂರಿಸಿದ್ದ ಮಹಾಶಯ! ಈಗ ಮುಂದಕ್ಕೆ ಹೋಗಲು ಇರುವುದು ರಿವರ್ಸ್ ಗೇರೊಂದೇ. ನಾಳೆ ಎತ್ತುಗಳನ್ನೇ ಹೂಡಬೇಕು.

ನನ್ನ ಹೆಂಡತಿ ಅವನಿಗೆ, "ಹತ್ರಿ, ಇವ್ರು ಇದರ ಮ್ಯಾಲ ಬಸ್ಸಿನ ತನಕ ಬಿಟ್ಟ ಬರ್ತಾರ" ಎಂದಳು.

"ಬ್ಯಾಡ್ರಿ ಅವ್ವಾರ, ನಡಕೋತ ಹೋಗ್ತೀನಿ" ಎಂದು ಚೀಲ ಎತ್ತಿಕೊಂಡ. ತನ್ನ ಕೈಕೆಲಸ ಎಂಥದ್ದೆಂದು ಅವನಷ್ಟು ಚೆನ್ನಾಗಿ ತಿಳಿದವರು ಯಾರೂ ಇಲ್ಲ.