ರೇಡಿಯೋ ಹೇಳುವ ದಾರಿ

ನನ್ನ ಅತ್ತೆಯ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಹುಡುಗಿಯಾಗಿದ್ದಾಗ ಎಕಂಬಾದ ಹೊಲದಲ್ಲಿ ಜೋಳ ಕೊಯ್ಯುತ್ತಿದ್ದಾಗ ಕುಡುಗೋಲು ತಗುಲಿ ಸೀಳಿದ್ದು ಮತ್ತೆ ಕೂಡಿಕೊಳ್ಳಲೇ ಇಲ್ಲ. ಕಾರಿನ ರೇಡಿಯೋ ತಿರುಗಿಸುವಾಗ ಆ ಉಗುರು ಗುಂಡಿಯ ಗೀರುಗಳಿಗೆ ತಾಗಿ ಟಕ್ ಟಕ್ ಎನ್ನುತ್ತಿತ್ತು. ಗುಂಡಿಯ ಪಕ್ಕದ ಅಕ್ಷರಗಳೆಲ್ಲ ಅವರ ಬೆರಳಿಗೆ ಸಿಕ್ಕಿ ಅಳಿಸಿಹೋಗಿದ್ದವು. ಅದರಿಂದ ಅವರಿಗೇನೂ ನಷ್ಟವಿರಲಿಲ್ಲ, ಅಕ್ಷರ ಅವರಿಗೆ ಕಾಣುತ್ತಲೂ ಇರಲಿಲ್ಲ.

ರೇಡಿಯೋ ಪೂರ್ತಿ ಅವರ ಸುಪರ್ದಿಗೆ ಸೇರಿದ್ದು. ನನ್ನ ಗಂಡ ಅಪ್ಪಿತಪ್ಪಿ ಕೈ ಹಾಕಿದರೆ ಕೈಮೇಲೊಂದು ಏಟು ಬೀಳುತ್ತಿತ್ತು. "ಗಾಡಿ ನಿಂದು, ರೇಡಿಯೋ ನಂದು. ದೂರ ಸರಿ."

ಭಾಲ್ಕಿಯಲ್ಲಿ ಹುಟ್ಟಿ ಬೆಳೆದ ನನಗೆ ಮದುವೆಯಾಗಿ ಬೀದರಿಗೆ ಬರುವವರೆಗೂ ಸೈಕಲ್ ಸಹ ಬರುತ್ತಿರಲಿಲ್ಲ. ನನ್ನನ್ನು ಕಾರು ಕಲಿಯಲು ಹಚ್ಚಿದವರು ಅತ್ತೆ. ಮಗ ಅಂಗಡಿ ಬಿಟ್ಟು ಅಲ್ಲಾಡುವವನಲ್ಲ, ಎಕಂಬಾದಲ್ಲಿರುವ ತಂಗಿಯನ್ನು ಭಾನುವಾರಕ್ಕೊಮ್ಮೆ ನೋಡದಿದ್ದರೆ ಇವರಿಗೆ ಊಟ ಸೇರುವುದಿಲ್ಲ. ಹಾಗಾಗಿ ಸೊಸೆಯೇ ಡ್ರೈವರ್ ಆಗಬೇಕೆಂದು ಅವರೇ ತೀರ್ಮಾನಿಸಿದರು. ಕಲಿಯುವಾಗ ಪಕ್ಕದಲ್ಲಿ ಕೂರಲು ಮಾತ್ರ ಯಾರೂ ತಯಾರಿರಲಿಲ್ಲ. ನನ್ನ ಗಂಡ ಮೊದಲ ದಿನವೇ ಕೈಮುಗಿದು ಇಳಿದುಹೋದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತರು.

"ನಾ ಕೂಡ್ತೇನಿ, ನಡಿ. ನನಗೇನೂ ಕಾಣಂಗಿಲ್ಲ, ಅಂಜಿಕಿ ಎಲ್ಲಿಂದ ಬರಬೇಕು?"

ತಮಾಷೆಗೆ ಅಂದರೂ ಮಾತು ನಿಜ. ಕಣ್ಣಿನೊಳಗಿನ ಒತ್ತಡ ಏರಿ ಅವರ ದೃಷ್ಟಿ ಆಗಲೇ ಹೋಗಿತ್ತು. ಬೆಳಕು ನೆರಳು ತಿಳಿಯುತ್ತಿತ್ತು, ಅಷ್ಟೇ. ಆದರೂ ದಾರಿಯಲ್ಲಿ ಎಲ್ಲಿದ್ದೇವೆಂದು ನನಗಿಂತ ಮೊದಲು ಅವರೇ ಹೇಳುತ್ತಿದ್ದರು. ಮೊದಮೊದಲು ನಾನು, ಇವರಿಗೆ ಚೆನ್ನಾಗಿಯೇ ಕಾಣುತ್ತದೆ, ಮನೆಗೆಲಸ ತಪ್ಪಿಸಿಕೊಳ್ಳಲು ನಾಟಕ ಹೂಡಿದ್ದಾರೆ ಎಂದೇ ಅಂದುಕೊಂಡಿದ್ದೆ.

ದಾರಿ ಹೇಳುತ್ತಿದ್ದದ್ದು ರೇಡಿಯೋ. ಬೀದರ್ ಬಿಡುವಾಗ ನಮ್ಮೂರಿನ ಕೇಂದ್ರದ ದನಿ ತೊಳೆದಿಟ್ಟಷ್ಟು ಸ್ವಚ್ಛವಾಗಿರುತ್ತದೆ. ಮಾಂಜ್ರಾ ಹೊಳೆಯ ಇಳಿಜಾರಿನಲ್ಲಿ ಗರಗರ ಶುರು. ಸಂತಪುರದ ಹತ್ತಿರ ಕನ್ನಡದ ಮೇಲೆ ಮರಾಠಿ ಬಂದು ಕೂರುತ್ತದೆ, ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ. ಔರಾದ ದಾಟಿದರೆ ಕನ್ನಡ ಮುಳುಗಿ ಬರೀ ಮರಾಠಿ. ಅತ್ತೆ ಮಡಿಲಲ್ಲಿ ಫೋನಿಟ್ಟುಕೊಂಡು ಇದನ್ನೆಲ್ಲ ಆಗಿಂದಾಗಲೇ ತಂಗಿಗೆ ವರದಿ ಒಪ್ಪಿಸುತ್ತಿದ್ದರು. "ಹೊಳಿ ಬಂತು." "ಸಂತಪುರ ಬಂತು ನೋಡು." "ಔರಾದ ದಾಟಿದ್ವಿ." ಔರಾದ ಎಂದ ಕೂಡಲೇ ಅಲ್ಲಿ ತಂಗಿ ಒಲೆಯ ಮೇಲೆ ಹಂಚು ಇಡಬೇಕು. ಅದು ಅಕ್ಕ ತಂಗಿಯರ ಕಟ್ಟಳೆ. ನಾವು ಕಾಲು ತೊಳೆದು ಒಳಗೆ ಹೋಗುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಿರುತ್ತಿತ್ತು.

ಒಂದು ದಸರೆ ಮುಗಿದ ಮೇಲಿನ ಭಾನುವಾರ ರೇಡಿಯೋ ಕೈಕೊಟ್ಟಿತು. ಮನೆ ಬಿಟ್ಟಾಗಿನಿಂದ ಬರೀ ಸೊಂಯ್ ಎನ್ನುವ ಸಪ್ಪಳ. ಅತ್ತೆ ಗುಂಡಿಯನ್ನು ಆ ಕೊನೆಯಿಂದ ಈ ಕೊನೆಯವರೆಗೆ ತಿರುಗಿಸಿದರು. ಬಹಳ ಹೊತ್ತಾದ ಮೇಲೆ ಕೇಳಿದರು, "ಹೊಳಿ ಬಂತೇನವ್ವ?"

"ಆಗಲೇ ದಾಟಿದ್ವಿರಿ."

ಅತ್ತೆ ಗುಂಡಿಯಿಂದ ಕೈ ತೆಗೆದರು. ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತರು. ಫೋನು ಚೀಲದಿಂದ ಹೊರಗೇ ಬರಲಿಲ್ಲ. ಮುಂದಿನ ಭಾನುವಾರ ನಾನು ಕಾರಿನ ಚಾವಿ ತೆಗೆದುಕೊಂಡರೆ, "ನೀ ಹೋಗಿ ಬಾ, ನಾ ಒಲ್ಲೆ" ಅಂದರು.

"ಯಾಕ್ರಿ ಅತ್ತಿ, ಮೈಯಾಗ ಹುಷಾರಿಲ್ಲೇನ್ರಿ?"

"ಹುಷಾರ್ ಇದ್ದೇನಿ. ಜೋಳದ ಚೀಲದ ಹಾಂಗ ಹತ್ತೋದು, ಚೀಲದ ಹಾಂಗ ಇಳಿಯೋದು, ಅದು ನನಗ ಆಗಂಗಿಲ್ಲ."

"ಊರು ಬಂದಂಗ ನಾ ಹೇಳ್ತೇನಲ್ರಿ."

"ನೀ ಹೇಳಿದ್ರ ಅದು ನಿನ್ನ ದಾರಿ ಆತು. ನನ್ನ ದಾರಿ ಹ್ಯಾಂಗ ಆಗ್ತದ?"

ಒಂದು ರೇಡಿಯೋಗಾಗಿ ಇಷ್ಟೊಂದು ಹಟವೇ ಎಂದು ನನಗೆ ಸಿಟ್ಟೇ ಬಂತು. ಆದರೆ ಮತ್ತೊಂದು ಭಾನುವಾರವೂ ಅವರು ಏಳಲಿಲ್ಲ. ಎಕಂಬಾದಿಂದ ಸಣ್ಣತ್ತೆ ಫೋನು ಮಾಡಿ, "ಅಕ್ಕ ನನ್ನ ಮ್ಯಾಲ ಸಿಟ್ಟಾಗ್ಯಾಳೇನು?" ಎಂದು ಅತ್ತರು. ಇತ್ತ ಇವರು ತಟ್ಟೆಯ ಮುಂದೆ ಕೂತು ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದರು. ಗ್ಯಾರೇಜಿನಲ್ಲಿ ಕೇಳಿದರೆ ಹೊಸ ಸೆಟ್ ಹಾಕಿಸಿ ಅಂದರು. ಹೊಸದರಲ್ಲಿ ಗುಂಡಿಯೇ ಇಲ್ಲ, ಗಾಜಿನ ಮೇಲೆ ಚಿತ್ರ ನೋಡಿ ಒತ್ತಬೇಕು. ಕಣ್ಣಿಲ್ಲದವರಿಗೆ ಅದು ಯಾವ ಉಪಯೋಗಕ್ಕೆ? ಇದ್ದ ರೇಡಿಯೋವನ್ನೇ ಮಾತಾಡಿಸಬೇಕಿತ್ತು.

ಮರುದಿನ ಬೆಳಿಗ್ಗೆ ಮನೆ ಮುಂದೆ ಕಾರಿನಲ್ಲಿ ಕೂತೆ. ಅತ್ತೆ ಹೊಸ್ತಿಲ ಮೇಲೆ ಕೂತು, ಏನಾಯಿತು ಏನಾಯಿತು ಎಂದು ನನ್ನ ತಲೆ ತಿನ್ನತೊಡಗಿದರು. ರೇಡಿಯೋದ ದೀಪ ಹತ್ತುತ್ತಿತ್ತು, ಅಂದರೆ ಕರೆಂಟು ಬರುತ್ತಿದೆ, ಫ್ಯೂಸ್ ಹೋಗಿಲ್ಲ. ಫೋನಿಗೆ ವೈರು ಸಿಕ್ಕಿಸಿ ಹಾಡು ಹಚ್ಚಿದೆ, ಜೋರಾಗಿಯೇ ಬಂತು. ಅಂದರೆ ಸ್ಪೀಕರೂ ನೆಟ್ಟಗಿದೆ. ಸ್ಟೇಷನ್ ಮಾತ್ರ ಹಿಡಿಯುತ್ತಿಲ್ಲ. ಉಳಿದದ್ದು ಕಾರಿನ ತಲೆಯ ಮೇಲಿನ ಆಂಟೆನಾ ಕಡ್ಡಿ. ಅದನ್ನು ತಿರುಗಿಸಿ ಬಿಚ್ಚಿದೆ. ಬುಡದಲ್ಲಿ ಸ್ಕ್ರೂವಿನ ಸುತ್ತುಗಳೇ ಕಾಣಲಿಲ್ಲ. ಕೆಂಪಗೆ, ಜಿಡ್ಡಾಗಿ ಏನೋ ಒಣಗಿ ಮೆತ್ತಿಕೊಂಡಿತ್ತು.

"ಇದೇನ್ರಿ ಅತ್ತಿ, ಕುಂಕುಮ?"

ಕಡ್ಡಿಯನ್ನು ಅವರ ಕೈಗಿಟ್ಟೆ. ಆ ಸೀಳು ಉಗುರು ಮೆಲ್ಲಗೆ ಒಂದು ಸುತ್ತು ಬಂತು. ಅವರ ಮುಖ ಒಮ್ಮೆಲೇ ಸಣ್ಣದಾಯಿತು.

"ನಾನೇ ಹಚ್ಚೀನವ್ವ. ಆಯುಧ ಪೂಜಿ ದಿನ."

ನಾವೆಲ್ಲ ಅಂದು ಗಾಲಿಗೆ, ಬಾನೆಟ್ಟಿಗೆ ಕುಂಕುಮ ಇಟ್ಟು ಮುಗಿಸಿದ್ದೆವು. ಅವರ ತವರಿನ ಪದ್ಧತಿ ಬೇರೆ. ಕುಡುಗೋಲಾಗಲಿ ಕುಂಟೆಯಾಗಲಿ, ಕಬ್ಬಿಣ ಮತ್ತು ಕಟ್ಟಿಗೆ ಕೂಡುವ ಸಂದಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುತ್ತಾರಂತೆ. "ದುಡಿಯೋದು ಅದೇ ಜಾಗ ನೋಡು" ಎಂದು ಅತ್ತೆ ವಿವರಿಸಿದರು. ಕಾರಿನ ಉಳಿದ ಭಾಗ ನಮ್ಮದು, ರೇಡಿಯೋ ಅವರದು. ಆದ್ದರಿಂದ ಯಾರಿಗೂ ಹೇಳದೆ, ತಡವರಿಸಿಕೊಂಡು ಕಡ್ಡಿ ಬಿಚ್ಚಿ, ಕೂಡುವ ಜಾಗಕ್ಕೆ ಧಾರಾಳವಾಗಿ ಹಚ್ಚಿ, ಮತ್ತೆ ತಿರುಗಿಸಿ ಕೂರಿಸಿದ್ದರು. ಭಕ್ತಿ ಕೊಂಚ ಹೆಚ್ಚೇ ಆಗಿತ್ತು.

"ಅಯ್ಯ ಶಿವನೇ, ನಾನೇ ಅದರ ಬಾಯಿ ಮುಚ್ಚಿದ್ನೇನವ್ವ!"

ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಗುತ್ತಾ ನಗುತ್ತಾ ಆ ಕಾಣದ ಕಣ್ಣುಗಳಿಂದ ನೀರು ಇಳಿಯಿತು. ನಾನೂ ಅವರ ಪಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಷ್ಟು ಮುದ್ದು ಬಂದಿತ್ತು ನನಗೆ ಅವರ ಮೇಲೆ.

ಕಡ್ಡಿಯನ್ನು ನನ್ನ ಕೈಗೆ ಕೊಡಲು ಒಪ್ಪಲಿಲ್ಲ. ಆ ಉಗುರಿನಿಂದಲೇ ಒಂದೊಂದು ಸುತ್ತನ್ನೂ ಕೆರೆದು ತೆಗೆದರು. ಕಾರಿನ ಮೇಲಿನ ತೂತನ್ನು ನಾನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಕಡ್ಡಿ ಕೂರಿಸಿ ಗುಂಡಿ ತಿರುಗಿಸಿದರೆ, ಒಬ್ಬಳು ಹುಡುಗಿ ಸ್ಪಷ್ಟವಾಗಿ ತೊಗರಿಗೆ ಬೀಳುವ ಹುಳದ ಬಗ್ಗೆ ಹೇಳುತ್ತಿದ್ದಳು. ಅತ್ತೆ ಆಗಲೇ ಎಡಗಡೆಯ ಬಾಗಿಲು ಹುಡುಕುತ್ತಿದ್ದರು.

"ನಡಿ, ಗಾಡಿ ತಗಿ."

"ಇವತ್ತು ಸೋಮವಾರರೀ."

"ಇದ್ದರ ಇರಲಿ, ಬಿಡು."

ಮುಂದಿನ ದಸರೆಯಿಂದ ಕುಂಕುಮ ಕಡ್ಡಿಯ ತುದಿಗಷ್ಟೇ. "ಕೂಡೋ ಜಾಗ ಬಿಟ್ಟೀನಿ, ನೋಡ್ಕೋ" ಎಂದು ನನ್ನನ್ನು ಕರೆದು ತೋರಿಸುತ್ತಿದ್ದರು.

ಹೋದ ಚಳಿಗಾಲದಲ್ಲಿ ಸಣ್ಣ ಜ್ವರವೊಂದು ನೆಪವಾಗಿ ಅತ್ತೆ ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಸಂಜೆ ಸಣ್ಣತ್ತೆ ನನ್ನ ಕೈ ಹಿಡಿದು, "ಇನ್ನ ನನ್ನ ಕಡಿ ಯಾರ ಬರ್ತಾರವ್ವ?" ಅಂದರು.

ಕ್ರಿಯಾಕರ್ಮದ ದಿನಗಳೆಲ್ಲ ಮುಗಿದ ಮೇಲಿನ ಭಾನುವಾರ ಒಬ್ಬಳೇ ಕಾರು ತೆಗೆದೆ. ಸ್ಟೇರಿಂಗ್ ಮೇಲಿನ ನನ್ನ ಧೈರ್ಯವೆಲ್ಲ ಪಕ್ಕದ ಆ ಸೀಟಿನಿಂದ ಬಂದದ್ದು. ಅದನ್ನು ಖಾಲಿ ನೋಡಲಾಗದೆ ರೇಡಿಯೋ ಹಚ್ಚಿದೆ. ಹೊಳೆಯಲ್ಲಿ ಗರಗರ ಅಂದಿತು. ಸಂತಪುರದಲ್ಲಿ ಇಬ್ಬರೂ ಮಾತಾಡಿದರು. ಕನ್ನಡ ಪೂರ್ತಿ ಮುಳುಗಿದ ಕಡೆ ಕಾರನ್ನು ಬದಿಗೆ ನಿಲ್ಲಿಸಿ ಫೋನು ಮಾಡಿದೆ.

"ಸಣ್ಣತ್ತಿ, ಔರಾದ ದಾಟೀನ್ರಿ."

ಆ ಕಡೆ ಮೂಗು ಒರೆಸಿಕೊಂಡ ಸಪ್ಪಳ ಕೇಳಿಸಿತು.

"ನಿಧಾನಕ್ಕ ಬಾರವ್ವ. ಹಂಚು ಇಡ್ತೇನಿ."