ಐದಿಂಚಿನ ಟ್ಯಾಕೋಮೀಟರ್

ನನ್ನ ಕಿವಿ ಮಂದವಾಗಿದೆ ಎಂದು ಡಾಕ್ಟರಿಗಿಂತ ಮೊದಲು ಹೇಳಿದ್ದು ನನ್ನ ಕಾರು. ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ನಮ್ಮ ಬೀದಿಯಲ್ಲಿ ಎರಡನೇ ಗೇರಿನಲ್ಲೇ ಎಂಜಿನ್ ಕಿರುಚಿಸಿಕೊಂಡು ಹೋಗುತ್ತಿದ್ದೆನಂತೆ. ಎದುರು ಮನೆಯವರು ಗಾಬರಿಯಿಂದ ಹೊರಗೆ ಬಂದರು. ನಾನು ಅವರಿಗೆ ಗುಡ್ ಮಾರ್ನಿಂಗ್ ಹೇಳಿ ಹಾಗೇ ಮುಂದೆ ಹೋದೆ.

ಕಾರು ನನಗಿಂತ ಎರಡು ವರ್ಷ ದೊಡ್ಡದು. ಎಂಟು ಸಿಲಿಂಡರಿನ, ಎರಡೇ ಬಾಗಿಲಿನ, ಪೆಟ್ರೋಲನ್ನು ನೀರಿನಂತೆ ಕುಡಿಯುವ ಹಳೆಯ ಅಮೆರಿಕನ್ ಮಸಲ್ ಕಾರು. ಐವತ್ತು ತುಂಬಿದಾಗ, ವರ್ಷಗಟ್ಟಲೆ ಕೋಡ್ ಬರೆದು ಸವೆದ ಬೆರಳುಗಳಿಗೆಂದು ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ. ಹ್ಯೂಸ್ಟನ್ನಿನಲ್ಲಿ ಹಳೆ ಕಾರುಗಳವರು ಸೇರುವ ಕಡೆ ಯಾರಾದರೂ ಬಂದು "ಯಜಮಾನರ ಕಾರಾ?" ಎಂದು ಕೇಳಿದರೆ ಈಗಲೂ ಮೈ ಉರಿಯುತ್ತದೆ. ನಮ್ಮ ಯಜಮಾನರು ಕ್ಲಚ್ ಇರುವ ಕಾರಿನ ಸ್ಟೀರಿಂಗನ್ನೇ ಮುಟ್ಟುವುದಿಲ್ಲ.

ನಾನು ಗೇರ್ ಬದಲಿಸಲು ಕಲಿತದ್ದು ಮೈಸೂರಿನಲ್ಲಿ, ಸೋದರಮಾವನ ಜೀಪಿನಲ್ಲಿ, ಪೂರ್ತಿ ಕಿವಿಯಿಂದಲೇ. ಎಂಜಿನ್ ದನಿ ಏರಿದರೆ ಮೇಲಿನ ಗೇರು, ಗೊಣಗಿದರೆ ಕೆಳಗಿನದು. ಮೀಟರ್ ನೋಡಿ ಓಡಿಸುವವರ ಬಗ್ಗೆ ನನಗೆ ಒಳಗೊಳಗೇ ತಾತ್ಸಾರವಿತ್ತು. ಈಗ ಆ ಕಿವಿಯೇ ಕೈಕೊಟ್ಟಿತು. ಹಿಯರಿಂಗ್ ಏಡ್ ಹಾಕಿಕೊಂಡರೆ ಎಂಜಿನ್ನಿಗಿಂತ ಗಾಳಿಯ ಸದ್ದೇ ಜೋರು. ಇನ್ನೊಂದು ಸಲ ಹೀಗೆ ಓಡಿಸಿದರೆ ಕಾರು ಗುಜರಿಗೇ ಎಂದು ಮೆಕ್ಯಾನಿಕ್ ಮುಖಕ್ಕೆ ಹೊಡೆದಂತೆ ಹೇಳಿದ.

ಆಗ ನನಗೆ ಕಿವಿಯಾದವರು ನನ್ನ ಗಂಡ. ಪಕ್ಕದಲ್ಲಿ ಕೂತು ನನ್ನ ಮೊಣಕಾಲು ತಟ್ಟುತ್ತಿದ್ದರು. ಒಂದು ಸಲ ತಟ್ಟಿದರೆ ಗೇರ್ ಮೇಲಕ್ಕೆ, ಎರಡು ಸಲ ತಟ್ಟಿದರೆ ಕೆಳಕ್ಕೆ. ಮೊದಮೊದಲು ನಗು ಬರುತ್ತಿತ್ತು. ಆದರೆ ಅವರ ಆಫೀಸು ಡಲ್ಲಾಸಿನ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ. ಸೋಮವಾರ ಹೋದರೆ ಗುರುವಾರವೇ ಮನೆ. ಅಲ್ಲಿಯವರೆಗೆ ಕಾರು ಗ್ಯಾರೇಜಿನಲ್ಲಿ, ನಾನು ಕಿಟಕಿಯಲ್ಲಿ. ನನ್ನದೇ ಕಾರು ಓಡಿಸಲು ಗಂಡನ ದಾರಿ ಕಾಯುವ ಹೆಂಗಸಾಗಿಬಿಟ್ಟೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಒಂದು ಶುಕ್ರವಾರ ತಾಳ್ಮೆ ಹಾರಿಹೋಯಿತು.

"ಒಬ್ಬಳೇ ಓಡಿಸೋಕಾಗದ ಕಾರು ನಂಗೆ ಬೇಡ. ಲಿಯಾಂಡರ್‌ನವರಿಗೆ ಕೊಟ್ಬಿಡ್ತೀನಿ" ಎಂದೆ.

ಆಸ್ಟಿನ್ ಹತ್ತಿರದ ಲಿಯಾಂಡರ್‌ನಲ್ಲಿ ನಮಗೆ ಪರಿಚಯದ ದಂಪತಿ ಇದ್ದಾರೆ. ಮಾರುವುದಾದರೆ ಮೊದಲು ನಮಗೇ ಹೇಳಿ ಎಂದು ಕಾರು ನೋಡಿದಾಗಲೆಲ್ಲ ಅವರು ಕೇಳುತ್ತಿದ್ದರು. ಮುಂದಿನ ತಿಂಗಳು ತಂದು ತೋರಿಸುತ್ತೇನೆಂದು ಅಂದೇ ಫೋನ್ ಮಾಡಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಮುಂದಿನ ವಾರ ಊಟದ ಹೊತ್ತಿಗೆ ಡಲ್ಲಾಸಿನಿಂದ ಗಂಡನ ವಿಡಿಯೋ ಕಾಲ್ ಬಂತು. ಅವರು ಧಾರವಾಡದವರು, ಹುರುಪು ಬಂದರೆ ಮಾತು ಇನ್ನಷ್ಟು ಧಾರವಾಡವಾಗುತ್ತದೆ. "ಕಿವಿ ಹೋದ್ರ ಹೋಗ್ಲಿ ಬಿಡು, ಕಣ್ಣ ಅದಾವಲ್ಲ! ಟ್ಯಾಕೋಮೀಟರ್ ಹಾಕೂಣು." ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮೀಟರು ಅದು. ನನ್ನ ಕಾರಿಗೆ ಕಾರ್ಖಾನೆಯವರು ಅದನ್ನು ಕೊಟ್ಟಿರಲಿಲ್ಲ.

ಆರಿಸುವಾಗ ಜಗಳವಾಯಿತು. ಅವರಿಗೆ ಡ್ಯಾಶ್‌ಬೋರ್ಡಿನಲ್ಲಿ ಅಡಗಿ ಕೂರುವ, ಹಳೆಯ ಕಾಲದ ಅಂಕಿಗಳ ಪುಟ್ಟ ಮೀಟರು ಇಷ್ಟ. ನನಗೆ ಐದಿಂಚು ಅಗಲದ್ದೇ ಬೇಕು. ಅದರಲ್ಲೊಂದು ಕೆಂಪು ದೀಪವಿರುತ್ತದೆ, ನಾವು ಗೊತ್ತುಮಾಡಿದ ಸಂಖ್ಯೆಗೆ ಮುಳ್ಳು ಬಂದ ಕೂಡಲೇ ಹೊತ್ತಿಕೊಳ್ಳುತ್ತದೆ.

"ಕಾರಿನ ವಯಸ್ಸಿಗೆ ಒಪ್ಪಬೇಕಲ್ಲ" ಎಂದರು.

"ರೀ, ನನ್ನ ವಯಸ್ಸಿಗೆ ಒಪ್ಪಿದ್ರೆ ಸಾಕು" ಎಂದೆ. ಐದಿಂಚಿನದೇ ಬಂತು.

ಒಂದು ಭಾನುವಾರವಿಡೀ ಅದನ್ನು ಕೂರಿಸಿದೆವು. ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ. ಮೀಟರಿನ ಬೆನ್ನಿನ ಸ್ವಿಚ್ಚನ್ನು ಎಂಟು ಸಿಲಿಂಡರಿಗೆ ತಿರುಗಿಸಿದೆ. ಸ್ಟೀರಿಂಗ್ ಕಂಬಕ್ಕೆ ಪಟ್ಟಿ ಬಿಗಿದು ಅದನ್ನು ಕಣ್ಣೆದುರಿಗೆ ನಿಲ್ಲಿಸಿದೆ. ಕೆಂಪು ತಂತಿ ಫ್ಯೂಸ್ ಪೆಟ್ಟಿಗೆಗೆ, ಕಪ್ಪು ತಂತಿ ಕಾರಿನ ಮೈಗೆ, ಹಸಿರು ತಂತಿ ಮಾತ್ರ ರಬ್ಬರ್ ಬಿರಡೆಯ ತೂತಿನಿಂದ ಆಚೆ ಹೋಗಿ, ಎಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗೆ. ಡ್ಯಾಶ್‌ಬೋರ್ಡಿನಡಿ ತಲೆ, ಬಾಗಿಲಾಚೆ ಕಾಲು ಹಾಕಿ ಮಲಗಿದ್ದ ನನಗೆ ಅವರು ಟಾರ್ಚ್ ಹಿಡಿದು ಸೂಚನೆಗಳನ್ನು ಓದಿ ಹೇಳಿದರು. ಬ್ಯಾಟರಿಯ ತಂತಿ ಮತ್ತೆ ಸಿಕ್ಕಿಸಿ ಕೀ ತಿರುಗಿಸಿದಾಗ ಮುಳ್ಳು ಎದ್ದು ಎಂಟುನೂರರ ಹತ್ತಿರ ನಿಂತಿತು. ನನಗೆ ಕೇಳಿಸದ ಎಂಜಿನ್ ಅಲ್ಲಿ ಕಾಣಿಸುತ್ತಿತ್ತು. ನಾನು ಚಪ್ಪಾಳೆ ತಟ್ಟಿದೆ.

ಆದರೆ ಗಾಜಿನ ಮೇಲಿದ್ದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಅವರು ಬಿಡಲಿಲ್ಲ. "ಹೊಸಾದು, ಗೀರು ಬೀಳ್ತದ. ಇರ್ಲಿ." ನಮ್ಮ ಮನೆಯ ಟಿವಿ ರಿಮೋಟು ಇಂದಿಗೂ ಕವರಿನೊಳಗಿದೆ. ಸೋಫಾದ ಪ್ಲಾಸ್ಟಿಕ್ ತೆಗೆಸಲು ನನಗೆ ಎರಡು ವರ್ಷ ಹಿಡಿದಿತ್ತು. ಗ್ಯಾರೇಜಿನ ಟ್ಯೂಬ್‌ಲೈಟಿನಲ್ಲಿ ಎಲ್ಲ ಸ್ಪಷ್ಟವಾಗಿಯೇ ಕಾಣುತ್ತಿದ್ದುದರಿಂದ ನಾನೂ ಒಪ್ಪಿಕೊಂಡೆ.

ಶನಿವಾರ ಬೆಳಿಗ್ಗೆ ಆಸ್ಟಿನ್ ಕಡೆಯ ಹೈವೇಗೆ ಹೊರಟೆವು. ಮೀಟರ್ ನೋಡಿ ಓಡಿಸಲು ನನ್ನ ಕೈಲಾದರೆ ಕಾರು ಉಳಿಯುತ್ತದೆ, ಇಲ್ಲದಿದ್ದರೆ ಲಿಯಾಂಡರಿಗೆ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಬೀದಿಯ ತಿರುವು ದಾಟುತ್ತಲೇ ಟೆಕ್ಸಸ್ಸಿನ ಬಿಸಿಲು ಆ ಹಾಳೆಯ ಮೇಲೆ ಬಿತ್ತು. ಹಾಳೆಯಡಿಯ ಗಾಳಿಗುಳ್ಳೆಗಳು ಫಳಫಳ ಹೊಳೆದವು. ಮುಳ್ಳಿಲ್ಲ, ದೀಪವಿಲ್ಲ, ಬರೀ ಬಿಳುಪು. ಅಷ್ಟರಲ್ಲಿ ಮೊಣಕಾಲಿಗೆ ಪಟ್ಟನೆ ಏಟು.

"ಕೈ ತೆಗೀರಿ!" ಎಂದು ಚೀರಿ, ಸಿಕ್ಕ ಮೊದಲ ಗ್ಯಾಸ್ ಸ್ಟೇಷನ್ನಿಗೆ ನುಗ್ಗಿಸಿ ನಿಲ್ಲಿಸಿದೆ. ಹಾಳೆಯ ಅಂಚಿಗೆ ಉಗುರು ಹಾಕಿ ಒಂದೇ ಎಳೆತಕ್ಕೆ ಕಿತ್ತು ಅವರ ತೊಡೆಯ ಮೇಲೆ ಎಸೆದೆ. ತಮ್ಮ ಚರ್ಮವನ್ನೇ ಸುಲಿದಂತೆ ಅವರು ಮುಖ ಹಿಂಡಿದರು. ಆಮೇಲೆ ಮೀಟರನ್ನು ನೋಡಿದರು, ನನ್ನನ್ನು ನೋಡಿದರು, ಏನನ್ನೋ ನಿಶ್ಚಯಿಸಿ ಬಾಗಿಲು ತೆಗೆದು ಇಳಿದರು.

"ನೀ ಒಬ್ಬಾಕಿನ ಹೋಗಿ ಬಾ. ನಾ ಕಾಫಿ ತಗೊಂಡು ಇಲ್ಲೇ ನಿಂದರ್ತೀನಿ."

ಪಕ್ಕದ ಸೀಟು ಖಾಲಿಯಾಯಿತು. ಹೈವೇ ಏರುವಾಗ ಕಣ್ಣು ರಸ್ತೆಯ ಮೇಲೆ, ಕಣ್ಣಂಚು ಮೀಟರಿನ ಮೇಲೆ. ಕೆಂಪು ದೀಪ ಹೊತ್ತಿತು, ಕ್ಲಚ್ ಒತ್ತಿದೆ, ಮೂರನೇ ಗೇರು. ಮತ್ತೆ ಹೊತ್ತಿತು, ನಾಲ್ಕು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಎಷ್ಟು ಸಂತೋಷವಾಯಿತೆಂದರೆ ಬಾಯಿಬಿಟ್ಟು ಕೂಗಿದೆ, ನನ್ನ ಕೂಗು ನನಗೇ ಚೂರು ಕೇಳಿಸಿತು. ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ತಿರುಗಿಸಿಕೊಂಡು, ಒಂದು ದೊಡ್ಡ ಸುತ್ತು ಹಾಕಿ ಬಂದಾಗ ಅವರು ಎರಡು ಕೈಯಲ್ಲಿ ಎರಡು ಲೋಟ ಹಿಡಿದು ರಸ್ತೆಯಂಚಿಗೆ ನಿಂತಿದ್ದರು. ನಿಧಾನ ಮಾಡಿದೆ. ಅವರು ಒಂದು ಹೆಜ್ಜೆ ಮುಂದಿಟ್ಟರು. ನನಗೆ ನಿಲ್ಲಿಸಲು ಮನಸ್ಸೇ ಬರಲಿಲ್ಲ. ಅವರ ಮುಂದೆಯೇ ದಾಟಿಕೊಂಡು ಹೋದೆ.

ಮೂರನೇ ಸುತ್ತಿಗೆ ನಿಲ್ಲಿಸಿದೆ. ನನ್ನ ಪಾಲಿನ ಕಾಫಿಯನ್ನೂ ಅವರೇ ಕುಡಿದು ಮುಗಿಸಿದ್ದರು.

"ಲಿಯಾಂಡರ್‌ನವರಿಗೆ ಈಗ ಏನ್ರೀ ಹೇಳೋದು?" ಎಂದು ಕೇಳಿದೆ.

"ಫೋನ್ ಮಾಡಿ ಹೇಳೇನಿ, ಕಾರು ಕೊಡಂಗಿಲ್ಲ ಅಂತ."

"ಯಾವಾಗ?"

"ನೀ ಮೊದಲನೇ ಸಲ ನಿಲ್ಲಿಸದ ಹೋದ್ಯಲ್ಲ, ಆವಾಗ."